ಅಂತರರಾಷ್ಟ್ರೀಯ ರಾಜಕೀಯ ನಮಗೇಕೆ?

ಬಿ.ಎ. ತರಗತಿಯಲ್ಲಿ ರಾಜ್ಯಶಾಸ್ತ್ರವನ್ನು ಆರಿಸಿಕೊಂಡವರ ಮುಂದೆ ಒಂದಲ್ಲ ಒಂದು ಸೆಮಿಸ್ಟರಿನಲ್ಲಿ ಬಂದು ನಿಲ್ಲುವ ವಿಷಯ ಅಂತರರಾಷ್ಟ್ರೀಯ ರಾಜಕೀಯ. ಈ ವಿಷಯದ ಬಗೆಗೆ ನಮ್ಮ ಕಡೆಯ ವಿದ್ಯಾರ್ಥಿಗಳಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಇದು ಬಹು ಸುಲಭವಾದುದು, ಹತ್ತು ಪ್ರಶ್ನೆಗಳನ್ನು ಬಾಯಿಪಾಠ ಮಾಡಿದರೆ ದಡ ಸೇರಬಹುದು ಎಂಬುದು ಒಂದು. ಇದು ನಮಗೆ ಸಂಬಂಧಪಡದ ವಿಷಯ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹಳ್ಳಿಗಳಿಂದ ಬಸ್ಸು ಹತ್ತಿ ಬರುವ ಹುಡುಗ ಹುಡುಗಿಯರಿಗೆ ಜಿನೀವ, ನ್ಯೂಯಾರ್ಕುಗಳ ಗೊಡವೆ ಏಕೆ ಎಂಬುದು ಇನ್ನೊಂದು. ಇವೆರಡೂ ಬೇರೆ ಬೇರೆ ಎಂದು ತೋರಿದರೂ ಇವುಗಳ ತಾಯಿಬೇರು ಒಂದೇ. ನಮಗೆ ಸಂಬಂಧಪಡದು ಎಂದು ನಂಬಿದುದನ್ನೇ ನಾವು ಬಾಯಿಪಾಠ ಮಾಡುತ್ತೇವೆ. ಬಾಯಿಪಾಠ ಮಾಡಿದುದು ನಮಗೆ ಎಂದೂ ಸಂಬಂಧಪಡುವುದಿಲ್ಲ.

ಈ ವಿಷಯವನ್ನು ನಮ್ಮ ಕಾಲೇಜುಗಳಿಂದ ತೆಗೆಯತಕ್ಕದ್ದಲ್ಲ. ಆದರೆ ಈಗ ಓದುತ್ತಿರುವ ರೀತಿಯಲ್ಲಿ ಉಳಿಸಿಕೊಳ್ಳತಕ್ಕದ್ದೂ ಅಲ್ಲ ಎಂಬುದು ನನ್ನ ಅಭಿಪ್ರಾಯ. ಇದನ್ನು ನಮ್ಮ ನೆಲದಿಂದ ಆರಂಭಿಸಿ ಜಗತ್ತಿನ ಕಡೆಗೆ ಓದಬೇಕು. ಹಾಗೆ ಓದಲು ಬೇಕಾದ ಸಾಮಗ್ರಿಯು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿಯೇ ಹೇರಳವಾಗಿ ಬಿದ್ದಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಂತೆ ನಾವು ಅದರ ಕಡೆಗೆ ತಿರುಗಿ ನೋಡಿಲ್ಲ, ಅಷ್ಟೆ.

ಮೊದಲು ಈ ಶಾಸ್ತ್ರವು ಹುಟ್ಟಿದ ಬಗೆಯನ್ನು ನೋಡೋಣ. 1914ರಿಂದ 1918ರವರೆಗೆ ನಡೆದ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ತರುಣರು ಮಡಿದರು. ತಾವು ಏತಕ್ಕಾಗಿ ಸಾಯುತ್ತಿದ್ದೇವೆಂಬುದು ಅವರಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ. ಅವರನ್ನು ಯುದ್ಧಕ್ಕೆ ನೂಕಿದ ಒಪ್ಪಂದಗಳಲ್ಲಿ ಕೆಲವು ಗುಟ್ಟಾಗಿ ಬರೆದವಾಗಿದ್ದುವು. ಯುದ್ಧ ಮುಗಿದ ಮರುವರ್ಷ, 1919ರಲ್ಲಿ, ವೇಲ್ಸ್ ದೇಶದ ಆಬರಿಸ್ಟ್‌ವಿತ್ ಎಂಬ ಸಣ್ಣ ಕಡಲತೀರದ ಊರಿನ ವಿಶ್ವವಿದ್ಯಾನಿಲಯದಲ್ಲಿ ಅಂತರರಾಷ್ಟ್ರೀಯ ರಾಜಕೀಯಕ್ಕೆಂದೇ ಜಗತ್ತಿನ ಮೊದಲ ಅಧ್ಯಾಪಕ ಪೀಠವು ಸ್ಥಾಪಿತವಾಯಿತು. ಡೇವಿಡ್ ಡೇವಿಸ್ ಎಂಬ ಶ್ರೀಮಂತನೂ ಅವನ ಸೋದರಿಯರೂ ಅದಕ್ಕೆ 20,000 ಪೌಂಡುಗಳನ್ನು ದಾನವಾಗಿ ಕೊಟ್ಟರು. ರಾಜಧಾನಿಯಾದ ಲಂಡನ್ನಿನಲ್ಲಿ ಅಲ್ಲ, ಒಂದು ಮೂಲೆಯ ಊರಿನಲ್ಲಿ ಈ ವಿದ್ಯೆಗೆ ಮೊದಲ ಮನೆ ದೊರೆಯಿತು. ಇದು ನಮ್ಮಂಥ ಮೂಲೆಯ ಊರಿನವರು ನೆನಪಿಡಬೇಕಾದ ಸಂಗತಿ. ರಾಯಭಾರಿಗಳನ್ನು ತಯಾರು ಮಾಡುವುದಷ್ಟೇ ಅದರ ಉದ್ದೇಶವಾಗಿರಲಿಲ್ಲ. ಸಾಮಾನ್ಯ ಜನರು ದೇಶದೇಶಗಳ ವ್ಯವಹಾರವನ್ನು ಅರಿತರೆ ಅವರನ್ನು ಕಣ್ಣು ಕಟ್ಟಿ ಯುದ್ಧಕ್ಕೆ ಒಯ್ಯುವುದು ಕಷ್ಟವಾದೀತು ಎಂಬ ಆಶೆ ಅದರ ಹಿಂದೆ ಇದ್ದಿತು.

ಆ ಆಶೆಯು ಕೈಗೂಡಲಿಲ್ಲವೆಂಬುದನ್ನು ನಾವು ಬಲ್ಲೆವು. 1920ರಲ್ಲಿ ಕಾರ್ಯಾರಂಭ ಮಾಡಿದ ರಾಷ್ಟ್ರಸಂಘವು ಇಪ್ಪತ್ತು ವರ್ಷ ತುಂಬುವುದರೊಳಗೆ ನಿಷ್ಪ್ರಯೋಜಕವಾಯಿತು. ಅದೇ ಆಬರಿಸ್ಟ್‌ವಿತ್ ಪೀಠದಲ್ಲಿ ಕುಳಿತಿದ್ದ ಇ. ಎಚ್. ಕಾರ್ 1939ರಲ್ಲಿ ತಮ್ಮ ಹಿಂದಿನವರ ಶುಭಚಿಂತನೆಯನ್ನು ನಿಷ್ಠುರವಾಗಿ ವಿಮರ್ಶಿಸಿದರು. ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಹಾನ್ಸ್ ಮಾರ್ಗೆಂತೊ 1948ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ರಾಷ್ಟ್ರಗಳ ನಡತೆಗೆಲ್ಲ ಅಧಿಕಾರಬಲವೇ ಕೀಲಿಕೈ ಎಂದು ಸಾರಿದರು. ಆದರ್ಶವಾದ, ವಾಸ್ತವವಾದ ಎಂದು ನಾವು ಐದು ಅಂಕಕ್ಕೂ ಹತ್ತು ಅಂಕಕ್ಕೂ ಬರೆಯುವ ಉತ್ತರಗಳ ಹಿಂದೆ ಎರಡು ಮಹಾಯುದ್ಧಗಳ ಕಣ್ಣೀರಿದೆ. ಅದನ್ನು ಮರೆತು ‘ವಾಸ್ತವವಾದದ ಆರು ತತ್ತ್ವಗಳು’ ಎಂದು ಒಂದು, ಎರಡು, ಮೂರು ಎಣಿಸುತ್ತ ಹೋದರೆ ಅಂಕ ಬಂದೀತು, ಅರಿವು ಬಾರದು.

ಇಲ್ಲಿ ಇನ್ನೊಂದು ಮಾತು. ಈ ಶಾಸ್ತ್ರವೆಲ್ಲ ಯೂರೋಪಿನ ಸರಕು, ನಮ್ಮ ನುಡಿಯಲ್ಲಿ ಇದಕ್ಕೆ ಮಾತೇ ಇಲ್ಲ ಎಂಬ ಅಳುಕು ನಮ್ಮಲ್ಲಿ ಹಲವರಿಗಿದೆ. 1905ರಲ್ಲಿ ಮೈಸೂರಿನ ಸರ್ಕಾರಿ ಪ್ರಾಚ್ಯ ಪುಸ್ತಕಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು; 1909ರಲ್ಲಿ ಅದು ಮೈಸೂರಿನಿಂದಲೇ ಅಚ್ಚಾಗಿ ಹೊರಬಿದ್ದಿತು. ನೆರೆಯ ದೊರೆ ಸಹಜ ಶತ್ರು, ಅವನ ಆಚೆಯ ನೆರೆಯವನು ಸಹಜ ಮಿತ್ರ ಎಂಬ ಮಂಡಲ ಸಿದ್ಧಾಂತವು ಆ ಗ್ರಂಥದಲ್ಲಿದೆ. ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ ಎಂಬ ಆರು ನೀತಿಗಳೂ ಇವೆ. ಸಂಧಿ ಎಂದರೆ ಒಪ್ಪಂದ, ವಿಗ್ರಹ ಎಂದರೆ ಕದನ, ಆಸನ ಎಂದರೆ ಕಾದು ಕೂಡುವುದು, ಯಾನ ಎಂದರೆ ದಂಡೆತ್ತಿ ಹೊರಡುವುದು, ಸಂಶ್ರಯ ಎಂದರೆ ಬಲಿಷ್ಠನ ಆಸರೆ ಹಿಡಿಯುವುದು, ದ್ವೈಧೀಭಾವ ಎಂದರೆ ಒಬ್ಬನೊಡನೆ ಸಂಧಿ ಮಾಡಿಕೊಂಡು ಇನ್ನೊಬ್ಬನೊಡನೆ ಹೋರಾಡುವುದು. ಈ ಮಾತುಗಳು ನಮ್ಮ ಅಜ್ಜಂದಿರು ಕೇಳಿದ ಭಾರತ ವಾಚನದಲ್ಲಿಯೂ ಹರಿದುಬಂದ ಮಾತುಗಳೇ. ಇಡೀ ಜಗತ್ತಿನ ರಾಜ್ಯಶಾಸ್ತ್ರಜ್ಞರು ಇಂದು ಉಲ್ಲೇಖಿಸುವ ಗ್ರಂಥವು ಬೆಳಕಿಗೆ ಬಂದ ರಾಜ್ಯದಲ್ಲಿ ಕುಳಿತು, ನಮಗೆ ಈ ವಿಷಯ ಪರಕೀಯವೆನ್ನುವುದು ಸರಿಯಲ್ಲ.

ಗ್ರಂಥದ ಮಾತು ಹಾಗಿರಲಿ. ನಮ್ಮ ನೆಲದ ಮಾತಿಗೆ ಬರೋಣ. ಶಿರಾ ಪಟ್ಟಣವು 1687ರಲ್ಲಿ ಮೊಗಲರ ವಶವಾಗಿ ಒಂದು ಸುಬಾದ ರಾಜಧಾನಿಯಾಯಿತು. 1757ರಲ್ಲಿ ಮರಾಠರು ಅದನ್ನು ಹಿಡಿದರು. 1761ರಲ್ಲಿ ನಿಜಾಮನ ಸೋದರ ಬಸಾಲತ್ ಜಂಗನು ಹೈದರಾಲಿಗೆ ಹಣಕ್ಕಾಗಿ ‘ಶಿರಾದ ನವಾಬ’ ಎಂಬ ಪದವಿಯನ್ನು ಕೊಟ್ಟನು. ಸ್ವಾರಸ್ಯವೆಂದರೆ, ಕೊಟ್ಟವನ ಕೈಯಲ್ಲಿ ಶಿರಾ ಇರಲಿಲ್ಲ, ಪಡೆದವನ ಕೈಯಲ್ಲಿಯೂ ಇರಲಿಲ್ಲ. ಪದವಿ ಮೊದಲು ಬಂತು, ಊರು ಆಮೇಲೆ ಕೈವಶವಾಯಿತು. ನ್ಯಾಯಸಮ್ಮತ ಪರಮಾಧಿಕಾರ, ವಾಸ್ತವ ಪರಮಾಧಿಕಾರ ಎಂಬ ಎರಡು ಮಾತುಗಳ ವ್ಯತ್ಯಾಸವನ್ನು ಪರೀಕ್ಷೆಗಾಗಿ ಉರುಹೊಡೆಯುವ ನಮಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ದೊರೆಯಬೇಕು? ಸಾಮರ್ಥ್ಯ ಸಾಲದಿದ್ದಾಗಲೂ ಹೈದರನು ಮೊಗಲ್ ಹೆಸರಿನ ಪದವಿಗಾಗಿ ಹಣ ಚೆಲ್ಲಿದನೇಕೆ? ಕತ್ತಿಗೆ ಮಾತ್ರವಲ್ಲ, ಇತರರ ಮಾನ್ಯತೆಗೂ ಬೆಲೆಯುಂಟು ಎಂಬುದನ್ನು ಬಲ್ಲವನಾದುದರಿಂದ. ಇಂದು ಹೊಸದಾಗಿ ಹುಟ್ಟಿದ ರಾಜ್ಯಗಳು ವಿಶ್ವಸಂಸ್ಥೆಯಲ್ಲಿ ಒಂದು ಸ್ಥಾನಕ್ಕಾಗಿ ಹಾತೊರೆಯುವುದೂ ಇದೇ ಕಾರಣದಿಂದ.

ಮುಂದಿನ ಕಥೆ ಇನ್ನೂ ಉಪಯುಕ್ತವಾದುದು. 1763ರಲ್ಲಿ ಹೈದರನು ಬಿದನೂರನ್ನು ಗೆದ್ದು ಅಲ್ಲಿಯ ರಾಣಿ ವೀರಮ್ಮಾಜಿಯನ್ನು ಮಧುಗಿರಿಯ ಬೆಟ್ಟದ ಕೋಟೆಯಲ್ಲಿ ಸೆರೆಯಿಟ್ಟನು. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯವು ಶಿರಾ, ಮಧುಗಿರಿಗಳನ್ನು ಹಿಡಿದು ರಾಣಿಯನ್ನು ಬಿಡಿಸಿತು. ಆಗ ಮರಾಠರು, ನಿಜಾಮ, ಇಂಗ್ಲಿಷ್ ಕಂಪನಿ, ಮೂವರೂ ಹೈದರನಿಗೆ ಎದುರಾಗಿದ್ದರು. ಅವನು ಹಣ ಕೊಟ್ಟು ಮರಾಠರನ್ನು ಹಿಂದಕ್ಕೆ ಕಳುಹಿಸಿದನು. ನಿಜಾಮನನ್ನು ತನ್ನ ಕಡೆಗೆ ಒಲಿಸಿಕೊಂಡನು. ಉಳಿದ ಕಂಪನಿಯೊಡನೆ ಕಾದಿದನು. ಕೌಟಿಲ್ಯನ ದ್ವೈಧೀಭಾವವೆಂದರೆ ಇದೇ ಅಲ್ಲವೆ? 1768ರಲ್ಲಿ ನಿಜಾಮನು ಮತ್ತೆ ಕಂಪನಿಯ ಕಡೆಗೆ ಹೋದನು. ಆದರೂ ಹೈದರನು 1769ರಲ್ಲಿ ಮದರಾಸಿನ ಬಾಗಿಲವರೆಗೆ ಹೋಗಿ ಒಪ್ಪಂದ ಬರೆಯಿಸಿಕೊಂಡನು. ಒಬ್ಬರ ಮೇಲೆ ಶತ್ರು ಬಿದ್ದರೆ ಇನ್ನೊಬ್ಬರು ನೆರವಾಗತಕ್ಕದ್ದು ಎಂಬ ಷರತ್ತು ಅದರಲ್ಲಿದ್ದಿತು. ಮುಂದೆ ಮರಾಠರು ಮೈಸೂರಿನ ಮೇಲೆ ಬಿದ್ದಾಗ ಕಂಪನಿ ಕೈಚಾಚಲಿಲ್ಲ. ಶಿರಾ ಮತ್ತೆ ಮೈಸೂರಿಗೆ ದಕ್ಕಿದ್ದು 1774ರಲ್ಲಿ, ಟಿಪ್ಪುವಿನ ದಂಡಿನ ಬಲದಿಂದ. ಶಕ್ತಿ ಸಮತೋಲನ, ಮೈತ್ರಿಕೂಟ, ಸಾಮೂಹಿಕ ರಕ್ಷಣೆ, ಒಪ್ಪಂದದ ಉಲ್ಲಂಘನೆ: ಪಠ್ಯಪುಸ್ತಕದ ನಾಲ್ಕು ಅಧ್ಯಾಯಗಳು ನಮ್ಮ ಮಧುಗಿರಿ, ಶಿರಾಗಳ ಕೋಟೆಯ ಕಲ್ಲಿನ ಮೇಲೆಯೇ ಬರೆದಿವೆ. ನಾವು ಮಾತ್ರ 1815ರ ವಿಯೆನ್ನಾ ಸಮ್ಮೇಳನವನ್ನೇ ಬರೆದು ಬರುತ್ತೇವೆ. ವಿಯೆನ್ನಾ ಬೇಡವೆಂದು ನಾನು ಹೇಳುತ್ತಿಲ್ಲ. ಶಿರಾವನ್ನು ಅರಿತವನಿಗೆ ವಿಯೆನ್ನಾ ಬೇಗ ಅರ್ಥವಾದೀತೆಂದು ಹೇಳುತ್ತಿದ್ದೇನೆ.

ಒಪ್ಪಂದವನ್ನು ಮುರಿದರೆ ಏನಾಗುವುದೆಂಬುದು ಮೇಲಿನ ಕಥೆ. ಅಸಮಾನರ ನಡುವಣ ಒಪ್ಪಂದ ಹೇಗಿರುವುದೆಂಬುದಕ್ಕೂ ನಮ್ಮಲ್ಲಿಯೇ ನಿದರ್ಶನವುಂಟು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದುಹೋಗುವ ಜಯಮಂಗಲಿಯು ಉತ್ತರ ಪಿನಾಕಿನಿಯನ್ನು ಸೇರುತ್ತದೆ. 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ಆದ ಒಪ್ಪಂದದ ನದಿಗಳ ಪಟ್ಟಿಯಲ್ಲಿ ಈ ಉತ್ತರ ಪಿನಾಕಿನಿಯೂ ಇದ್ದಿತು. ಪಟ್ಟಿಯಲ್ಲಿದ್ದ ನದಿಗಳಿಗೆ ಮದರಾಸಿನ ಪೂರ್ವಾನುಮತಿಯಿಲ್ಲದೆ ಮೈಸೂರು ಹೊಸ ಅಣೆಕಟ್ಟು ಕಟ್ಟುವಂತಿರಲಿಲ್ಲ. ಮೇಲ್ದಂಡೆಯವರು ಕೆಳದಂಡೆಯವರ ಒಪ್ಪಿಗೆ ಪಡೆಯಬೇಕೆಂಬುದರಲ್ಲಿ ನ್ಯಾಯದ ಅಂಶವಿಲ್ಲದಿಲ್ಲ. ಆದರೆ ಕೆಳದಂಡೆಯಲ್ಲಿದ್ದುದು ಇಡೀ ಭಾರತವನ್ನು ಆಳುತ್ತಿದ್ದ ಬ್ರಿಟಿಷ್ ಸಾಮ್ರಾಜ್ಯದ ಒಂದು ಪ್ರಾಂತ; ಮೇಲ್ದಂಡೆಯಲ್ಲಿದ್ದುದು ಆ ಸಾಮ್ರಾಜ್ಯದ ಅಂಕೆಯಲ್ಲಿದ್ದ ಒಂದು ಸಂಸ್ಥಾನ. ಸಹಿ ಮಾಡಿದವರು ಇಬ್ಬರಾದರೂ ಬಲ ಒಂದೇ ಕಡೆಗಿದ್ದಿತು. ಒಪ್ಪಂದವನ್ನು ಓದುವಾಗ ಅದರಲ್ಲಿ ಬರೆದುದನ್ನು ಮಾತ್ರವಲ್ಲ, ಬರೆಯುವಾಗ ಯಾರ ಕೈ ಮೇಲಿದ್ದಿತು ಎಂಬುದನ್ನೂ ಕೇಳಬೇಕು. ಸಿಂಧೂ, ನೈಲ್ ನದಿಗಳ ಒಪ್ಪಂದಗಳನ್ನು ಓದುವ ವಿದ್ಯಾರ್ಥಿಯು ಮೊದಲು ತನ್ನ ಹಳ್ಳದ ಒಪ್ಪಂದವನ್ನು ಓದಲಿ.

ಇವೆಲ್ಲ ಹಳೆಯ ಕಥೆಗಳು, ಇಂದಿನ ಮಾತೇನು ಎಂದು ಕೇಳುವವರುಂಟು. ಇಂದಿನ ಮಾತಿಗೆ ಕಡಲೆಕಾಯಿ ಒಂದೇ ಸಾಕು. ಪಾವಗಡ, ಮಧುಗಿರಿ, ಶಿರಾ ಭಾಗದ ಕೆಂಪು ನೆಲದಲ್ಲಿ ಮಳೆಯನ್ನು ನಂಬಿ ತಲೆಮಾರುಗಳಿಂದ ಬೆಳೆದು ಬಂದ ಬೆಳೆ ಅದು. ಭಾರತವು ತಾನು ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ: ತಾಳೆ ಎಣ್ಣೆಯನ್ನು ಇಂಡೊನೇಷ್ಯ, ಮಲೇಷ್ಯಗಳಿಂದ, ಸೂರ್ಯಕಾಂತಿ ಎಣ್ಣೆಯನ್ನು ರಷ್ಯ, ಉಕ್ರೇನುಗಳಿಂದ. 2022ರ ಫೆಬ್ರವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಹತ್ತಿತು. ಅದೇ ವರ್ಷ ಏಪ್ರಿಲ್ 28ರಂದು ಇಂಡೊನೇಷ್ಯವು ತಾಳೆ ಎಣ್ಣೆಯ ರಫ್ತನ್ನು ನಿಷೇಧಿಸಿ ಮೇ 23ರಂದು ತೆರವು ಮಾಡಿತು. ಆ ದಿನಗಳಲ್ಲಿ ನಮ್ಮ ಅಂಗಡಿಗಳಲ್ಲಿ ಎಣ್ಣೆ ಪ್ಯಾಕೆಟ್ಟಿನ ಬೆಲೆ ಏರಿದುದನ್ನು ಯಾವ ಮನೆಯವರೂ ಮರೆತಿರಲಾರರು. 2024ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರವು ಕಚ್ಚಾ ಎಣ್ಣೆಗಳ ಮೇಲೆ ಸೊನ್ನೆಯಾಗಿದ್ದ ಮೂಲ ಆಮದು ಸುಂಕವನ್ನು ಶೇಕಡ 20ಕ್ಕೆ ಏರಿಸಿತು. 2025ರ ಮೇ ಕೊನೆಯಲ್ಲಿ ಅದನ್ನು ಶೇಕಡ 10ಕ್ಕೆ ಇಳಿಸಿತು.

ಈ ಸುಂಕ ಏರಿದರೆ ಯಾರಿಗೆ ಲಾಭ, ಇಳಿದರೆ ಯಾರಿಗೆ? ಏರಿದರೆ ಕಡಲೆಕಾಯಿ ಬೆಳೆಯುವವನಿಗೆ ಅನುಕೂಲ, ಎಣ್ಣೆ ಕೊಳ್ಳುವವನಿಗೆ ಕಷ್ಟ. ಇಳಿದರೆ ತಿರುವುಮುರುವು. ಆದರೆ ನಮ್ಮ ಹಳ್ಳಿಗಳಲ್ಲಿ ಈ ಇಬ್ಬರೂ ಒಂದೇ ಮನೆಯಲ್ಲಿದ್ದಾರೆ. ಸುಗ್ಗಿಯಲ್ಲಿ ಮಂಡಿಗೆ ಕಾಯಿ ಹಾಕಿದ ಮನೆಯವರೇ ಉಳಿದ ತಿಂಗಳುಗಳಲ್ಲಿ ಅಂಗಡಿಯಿಂದ ತಾಳೆ ಎಣ್ಣೆಯ ಪ್ಯಾಕೆಟ್ಟು ತರುತ್ತಾರೆ. ರಾಷ್ಟ್ರಹಿತವೇ ವಿದೇಶನೀತಿಯ ಗುರಿ ಎಂದು ನಮ್ಮ ಪುಸ್ತಕ ಹೇಳುತ್ತದೆ. ರಾಷ್ಟ್ರಹಿತ ಒಂದೇ ಎಂದು ಅದು ಭಾವಿಸುತ್ತದೆ. ಒಂದೇ ಮನೆಯೊಳಗೆ ಎರಡು ಹಿತಗಳು ಇದಿರುಬದಿರು ನಿಂತಿರುವಾಗ ಇಡೀ ರಾಷ್ಟ್ರದ ಹಿತವನ್ನು ಯಾರು, ಹೇಗೆ ತೂಗಿದರು ಎಂದು ಕೇಳುವ ಹಕ್ಕು ನಮಗಿದೆ. ಮಾರ್ಗೆಂತೊ ಅವರಿಗೆ ಹಾಕಬೇಕಾದ ಈ ಪ್ರಶ್ನೆಯನ್ನು ಪಾವಗಡದ ಕಡಲೆಕಾಯಿ ಹೊಲವು ನಮಗೆ ಕಲಿಸಿಕೊಡುತ್ತದೆ.

ಅದೇ ಪಾವಗಡದಲ್ಲಿ ಇನ್ನೊಂದು ಪಾಠಶಾಲೆಯೂ ಇದೆ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚರ್ಲು, ಕ್ಯಾತಗಾನಚರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕು ತಲೆಯೆತ್ತಿದೆ. ಭೂಮಿಯನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದುದು ಅದರ ವಿಶೇಷ. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೊತ್ತಾಯಿತು. ಹೊಲವಿದ್ದವರಿಗೆ ಬಾಡಿಗೆ ಬಂತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ನೆಲವಿಲ್ಲದವರಿಗೆ ಬಾಡಿಗೆ ಬರುವಂತಿರಲಿಲ್ಲ. ಇದು ಊರಿನ ಒಳಗಿನ ಮಾತು. ಊರಿನ ಹೊರಗೆ ಈ ಬಿಸಿಲಿಗಾಗಿ ದೊಡ್ಡ ದೊಡ್ಡ ದೇಶಗಳು ವ್ಯಾಜ್ಯ ಹೂಡಿವೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

2010ರಲ್ಲಿ ಆರಂಭವಾದ ರಾಷ್ಟ್ರೀಯ ಸೌರ ಕಾರ್ಯಕ್ರಮದಲ್ಲಿ ಕೆಲವು ಸ್ಥಾವರಗಳು ದೇಶದಲ್ಲಿ ತಯಾರಾದ ಸೌರಕೋಶಗಳನ್ನೇ ಬಳಸತಕ್ಕದ್ದೆಂದು ಭಾರತವು ವಿಧಿಸಿತ್ತು. ಅಮೆರಿಕವು 2013ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಕೊಟ್ಟಿತು. 2016ರಲ್ಲಿ ತೀರ್ಪು ಭಾರತಕ್ಕೆ ವಿರುದ್ಧವಾಯಿತು. ಭಾರತವು ಸುಮ್ಮನಾಗಲಿಲ್ಲ. ಅಮೆರಿಕದ ಹಲವು ಸಂಸ್ಥಾನಗಳು ತಮ್ಮ ಸರಕಿಗೆ ಅಂಥದೇ ಆಸರೆ ಕೊಡುತ್ತಿವೆಯೆಂದು ತಾನೂ ದೂರಿತು. 2019ರಲ್ಲಿ ಆ ತೀರ್ಪು ಭಾರತದ ಪರವಾಯಿತು. ಅಮೆರಿಕವು ಮೇಲ್ಮನವಿ ಹೂಡಿತು. ಆದರೆ ಹೊಸ ಸದಸ್ಯರ ನೇಮಕಕ್ಕೆ ಅಮೆರಿಕವೇ ಒಪ್ಪದೆ ಇದ್ದುದರಿಂದ 2019ರ ಡಿಸೆಂಬರಿನಲ್ಲಿ ಆ ಮೇಲ್ಮನವಿ ಮಂಡಲಿಯೇ ಕೆಲಸ ಮಾಡಲಾರದೆ ನಿಂತಿತು. ಕೊನೆಗೆ 2023ರಲ್ಲಿ ಎರಡು ದೇಶಗಳೂ ಈ ಎರಡು ವ್ಯಾಜ್ಯಗಳನ್ನೂ ಇತರ ಕೆಲವನ್ನೂ ತಮ್ಮತಮ್ಮೊಳಗೆ ಇತ್ಯರ್ಥ ಮಾಡಿಕೊಂಡುವು. ಈ ನಡುವೆ ಚೀನದಿಂದ ಬರುವ ಅಗ್ಗದ ಸರಕನ್ನು ತಡೆಯಲು ಭಾರತವು 2022ರ ಏಪ್ರಿಲಿನಿಂದ ಸೋಲಾರ್ ಪ್ಯಾನೆಲುಗಳ ಮೇಲೆ ಶೇಕಡ 40ರಷ್ಟು ಸುಂಕ ವಿಧಿಸಿತು. ಅಂತರರಾಷ್ಟ್ರೀಯ ಕಾನೂನು ಎಂಬುದು ಇದೆಯೆ, ಇದ್ದರೆ ಬಲಿಷ್ಠರೂ ಅದಕ್ಕೆ ತಲೆಬಾಗುವರೆ ಎಂಬುದು ನಮ್ಮ ಪಠ್ಯದ ಹಳೆಯ ಪ್ರಶ್ನೆ. ಉತ್ತರವು ‘ಹೌದು’ ಎಂದೂ ಅಲ್ಲ, ‘ಇಲ್ಲ’ ಎಂದೂ ಅಲ್ಲ ಎಂಬುದನ್ನು ಈ ಒಂದು ವ್ಯಾಜ್ಯವು ತೋರಿಸುತ್ತದೆ. ಸೋತ ಪಕ್ಷ ತೀರ್ಪನ್ನು ತಳ್ಳಿಹಾಕಲಿಲ್ಲ. ಬಲವಿದ್ದ ಪಕ್ಷ ನ್ಯಾಯಸ್ಥಾನದ ಬಾಗಿಲನ್ನೇ ಮುಚ್ಚುವಂತೆ ಮಾಡಬಲ್ಲದಾಗಿತ್ತು.

ಇಷ್ಟು ಹೇಳಿದ ಮೇಲೆ ಎರಡು ಆಕ್ಷೇಪಣೆಗಳಿಗೆ ಉತ್ತರ ಕೊಡುವುದು ನನ್ನ ಕರ್ತವ್ಯ.

ಮೊದಲನೆಯದು ಹೊಟ್ಟೆಯ ಪ್ರಶ್ನೆ. ‘ಇದನ್ನು ಓದಿದರೆ ಏನು ಕೆಲಸ ಸಿಗುತ್ತೆ?’ ಎಂದು ನಮ್ಮ ಮನೆಗಳಲ್ಲಿ ಕೇಳುತ್ತಾರೆ. ಅದು ತಿರಸ್ಕಾರದ ಮಾತಲ್ಲ. ಸಾಲ ಮಾಡಿ ಬಸ್ ಪಾಸು, ಫೀಜು ಕಟ್ಟುವವರ ನ್ಯಾಯವಾದ ಮಾತು. ಈ ವಿಷಯವು ತಾನಾಗಿಯೇ ಕೆಲಸ ಕೊಡಿಸುವುದೆಂದು ನಾನು ಹೇಳಲಾರೆ. ಸ್ಪರ್ಧಾ ಪರೀಕ್ಷೆಗಳಲ್ಲಿ ಇದಕ್ಕೆ ಸ್ಥಾನವಿದೆಯೆಂಬುದು ನಿಜವಾದರೂ ಅದನ್ನೇ ದೊಡ್ಡ ಸಮಾಧಾನವೆಂದು ಮುಂದಿಡಲಾರೆ. ಆದರೆ ಯಾವ ಮನೆಯ ಸಂಪಾದನೆಯು ದೂರದೇಶದ ಸುಂಕದಿಂದ ಏರಿಳಿಯುವುದೋ, ಯಾವ ಮನೆಯ ಹೊಲವು ಜಗತ್ತಿನ ವ್ಯಾಜ್ಯದ ವಸ್ತುವಾಗಿದೆಯೋ, ಆ ಮನೆಯಲ್ಲಿ ಒಬ್ಬರಾದರೂ ಅದರ ಕಾರಣವನ್ನು ಬಿಡಿಸಿ ಹೇಳಬಲ್ಲವರು ಇರುವುದು ಬೇಡವೆ? ನಿರ್ಣಯದ ಫಲವನ್ನು ಉಣ್ಣುವವರು ನಾವು. ಅದರ ಕಾರಣವನ್ನು ಅರಿಯುವವರು ಮಾತ್ರ ಬೇರೆಯವರು ಎಂಬುದು ಎಷ್ಟು ಕಾಲ ನಡೆಯಬೇಕು? ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು 1950ರ ಜೂನಿನಲ್ಲಿ, ಕೊರಿಯದ ಯುದ್ಧ ಆರಂಭವಾದ ಆ ತಿಂಗಳಲ್ಲಿಯೇ, ವಿಶ್ವಸಂಸ್ಥೆಯ ಭದ್ರತಾ ಮಂಡಲಿಯ ಅಧ್ಯಕ್ಷ ಪೀಠದಲ್ಲಿದ್ದರು. ಅವರು ಕೇಂಬ್ರಿಜ್ಜಿನಲ್ಲಿ ಓದಿ ಐ.ಸಿ.ಎಸ್. ಸೇರಿದವರು, ನಮ್ಮ ಸ್ಥಿತಿ ಬೇರೆ. ಆದರೂ ಆ ಮೇಜಿನ ಸುತ್ತ ಕುಳಿತವರೆಲ್ಲ ಬೇರೆ ಲೋಕದವರು ಎಂಬ ಭಾವನೆಯನ್ನು ನಾವು ಬಿಡಬೇಕು.

ಎರಡನೆಯ ಆಕ್ಷೇಪಣೆ ವಿದ್ವಾಂಸರದು. ಎಲ್ಲವನ್ನೂ ನಮ್ಮೂರಿನಿಂದ ನೋಡಹೊರಟರೆ ಶಾಸ್ತ್ರವು ತಾಲ್ಲೂಕಿನ ಗೆಜೆಟಿಯರಾದೀತು, ನಾವು ಕೂಪಮಂಡೂಕಗಳಾದೇವು ಎಂದು ಅವರು ಹೇಳಬಹುದು. ಈ ಭಯದಲ್ಲಿ ತಥ್ಯವಿದೆ. ಅಣ್ವಸ್ತ್ರಗಳ ಪ್ರಶ್ನೆಯನ್ನು ಕಡಲೆಕಾಯಿಯಿಂದ ವಿವರಿಸಲಾಗದು. ಪ್ಯಾಲೆಸ್ತೀನಿನ ದುಃಖಕ್ಕೆ ಪಾವಗಡದಲ್ಲಿ ಹೋಲಿಕೆ ಹುಡುಕುವುದು ಅವಿವೇಕವಾದೀತು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸು ನಡುವೆ ಆಂಧ್ರದ ಮಡಕಶಿರಾ ಸೀಮೆಯನ್ನು ಹಾದುಹೋಗುತ್ತದೆ. ಅಲ್ಲಿ ಯಾರೂ ನಮ್ಮ ಪಾಸ್‌ಪೋರ್ಟು ಕೇಳುವುದಿಲ್ಲ. ಬೋರ್ಡಿನ ಅಕ್ಷರ ಬದಲಾಗುತ್ತದೆ, ಅಷ್ಟೆ. ಜಗತ್ತಿನ ಬಹುಪಾಲು ಗಡಿಗಳು ಹಾಗಿಲ್ಲ. ಹೋಲಿಕೆ ಎಲ್ಲಿ ಸಲ್ಲುವುದು, ಎಲ್ಲಿ ಸಲ್ಲದು ಎಂದು ಗುರುತಿಸುವುದೂ ವಿದ್ಯೆಯ ಒಂದು ಭಾಗವೇ. ನಮ್ಮ ಊರು ಹೊಸ್ತಿಲು, ಮನೆಯಲ್ಲ. ಹೊಸ್ತಿಲಲ್ಲೇ ಕುಳಿತಿರಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಹೊಸ್ತಿಲು ದಾಟದೆ ಒಳಗೆ ಹೋಗುವುದೆಂತು?

ಇನ್ನು ಭಾಷೆಯ ಮಾತು. ನಮ್ಮಲ್ಲಿ ಬಹುಮಂದಿ ಕನ್ನಡದಲ್ಲಿಯೇ ಉತ್ತರ ಬರೆಯುತ್ತೇವೆ. ನಮ್ಮ ಮನೆಯಲ್ಲಿ ಪದವಿ ತರಗತಿಯವರೆಗೆ ಬಂದವರಲ್ಲಿ ನಾನೇ ಮೊದಲು. ನನ್ನಂಥವರು ತರಗತಿಯಲ್ಲಿ ಅರ್ಧಕ್ಕೂ ಹೆಚ್ಚು. ಸಂಜೆ ಮನೆಗೆ ಹೋಗಿ ಅರ್ಥವಾಗದ ಮಾತನ್ನು ಕೇಳೋಣವೆಂದರೆ ಹೇಳುವವರಿಲ್ಲ. ಆದುದರಿಂದ ಕೈಗೆ ಸಿಕ್ಕುವ ಗೈಡೇ ನಮಗೆ ಗುರು. ಆ ಗೈಡುಗಳ ಕನ್ನಡವಾದರೋ ಕನ್ನಡ ಅಕ್ಷರದಲ್ಲಿ ಬರೆದ ಕಗ್ಗ. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಅದರ ಆರಂಭ ಮರೆತುಹೋಗಿರುತ್ತದೆ. 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂದಿತು, 2024-25ರಿಂದ ಮತ್ತೆ ಮೂರು ವರ್ಷವಾಯಿತು. ಪಠ್ಯಕ್ರಮದ ಹೊದಿಕೆ ಬದಲಾಯಿತು, ಗೈಡಿನ ವಾಕ್ಯಗಳು ಬದಲಾಗಲಿಲ್ಲ. ಕನ್ನಡದಲ್ಲಿ ಈ ವಿಷಯವನ್ನು ತಿಳಿಯಾಗಿ ಹೇಳಲು ಬಾರದೆಂಬುದು ಮಾತ್ರ ಸುಳ್ಳು. ಮೇಲೆ ಹೇಳಿದ ಸುಂಕ, ಸಂಧಿ, ವ್ಯಾಜ್ಯ, ಮಾನ್ಯತೆ, ಆಸರೆ ಎಂಬ ಮಾತುಗಳೆಲ್ಲ ಜನರ ಬಾಯಲ್ಲಿರುವ ಮಾತುಗಳೇ.

ಈ ಅಧ್ಯಯನಕ್ಕೆ ಇಂದು ಇನ್ನೂ ಒಂದು ಕಾರಣ ಒದಗಿದೆ. ಪ್ರತಿಯೊಬ್ಬರ ಕೈಯಲ್ಲೂ ಫೋನಿದೆ. ಅದರೊಳಗೆ ದಿನಕ್ಕೊಂದು ಯುದ್ಧ ನಡೆಯುತ್ತದೆ. 2025ರ ಮೇ ತಿಂಗಳಲ್ಲಿ ಭಾರತ ಪಾಕಿಸ್ತಾನಗಳ ನಡುವೆ ನಾಲ್ಕು ದಿನ ಕದನ ನಡೆದಾಗ ಎಲ್ಲೆಲ್ಲಿಯದೋ, ಯಾವ ಕಾಲದ್ದೋ ಚಿತ್ರಗಳು, ಆಟದ ದೃಶ್ಯಗಳು ಸಹ ನಿಜವಾದ ಯುದ್ಧವೆಂದು ಹರಿದಾಡಿದುವು. ಅವುಗಳನ್ನು ನೋಡಿ ಕ್ರಿಕೆಟ್ ಪಂದ್ಯದಂತೆ ಕೇಕೆ ಹಾಕಿದವರಲ್ಲಿ ಪದವಿ ವಿದ್ಯಾರ್ಥಿಗಳೂ ಇದ್ದರು. ದೇಶಪ್ರೇಮವು ತಪ್ಪೆಂದು ಯಾರು ಹೇಳುತ್ತಾರೆ? ಆದರೆ ಯುದ್ಧವು ಪಂದ್ಯವಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಸಿಕ್ಕಿ ಮಡಿದವನು ನಮ್ಮದೇ ರಾಜ್ಯದ ಒಬ್ಬ ವೈದ್ಯಕೀಯ ವಿದ್ಯಾರ್ಥಿ; ಅವನಿಗೆ ಆ ಯುದ್ಧದಲ್ಲಿ ಯಾವ ಪಕ್ಷವೂ ಇರಲಿಲ್ಲ. ಸುದ್ದಿಯನ್ನು ಕೇಳಿದೊಡನೆ ‘ಇದನ್ನು ಹೇಳಿದವರು ಯಾರು, ಇದರಿಂದ ಯಾರಿಗೆ ಪ್ರಯೋಜನ, ಇನ್ನೊಂದು ಕಡೆಯವರು ಏನೆನ್ನುತ್ತಾರೆ’ ಎಂದು ಮೂರು ಪ್ರಶ್ನೆ ಕೇಳುವ ಅಭ್ಯಾಸವನ್ನು ಈ ವಿಷಯವು ನಮಗೆ ಕಲಿಸಬೇಕು. ಅಷ್ಟನ್ನು ಕಲಿಸಿದರೆ 1919ರ ಆ ಆಶೆಯು ಒಂದಿಷ್ಟಾದರೂ ಸಾರ್ಥಕವಾದೀತು.

ಹಾಗಾದರೆ ಆಗಬೇಕಾದುದೇನು? ದೊಡ್ಡ ಯೋಜನೆಗಳನ್ನು ನಾನು ಕೇಳುವುದಿಲ್ಲ. ಪೂಜ್ಯ ಅಧ್ಯಾಪಕರಲ್ಲಿ ಮೂರು ವಿನಂತಿಗಳಿವೆ. ನೋಟ್ಸು ಬರೆಯಿಸುವ ಅವಧಿಗಳಲ್ಲಿ ವಾರಕ್ಕೊಂದನ್ನು ಉಳಿಸಿ, ಒಂದು ಮೂಲ ಒಪ್ಪಂದವನ್ನೋ ವಿಶ್ವಸಂಸ್ಥೆಯ ಸನ್ನದಿನ ಒಂದು ವಿಧಿಯನ್ನೋ ತರಗತಿಯಲ್ಲಿ ಸಾಲುಸಾಲಾಗಿ ಓದಿಸಬೇಕು. ಆಂತರಿಕ ಅಂಕಗಳಿಗೆ ಗೈಡಿನಿಂದ ನಕಲು ಮಾಡಿದ ಅಸೈನ್‌ಮೆಂಟಿಗೆ ಬದಲಾಗಿ, ತಮ್ಮ ಊರಿಗೆ ಬಂದು ಸೇರುವ ಅಥವಾ ಊರಿನಿಂದ ಹೊರಗೆ ಹೋಗುವ ಒಂದು ವಸ್ತುವಿನ ಹಿಂದೆ ಇರುವ ದೇಶದೇಶಗಳ ವ್ಯವಹಾರವನ್ನು ಕುರಿತು ಪ್ರತಿಯೊಬ್ಬರಿಂದಲೂ ಹತ್ತು ಪುಟ ಬರೆಯಿಸಬೇಕು: ಹುಣಿಸೆಹಣ್ಣಾಗಲಿ, ಗೊಬ್ಬರವಾಗಲಿ, ಗಲ್ಫ್ ದೇಶಗಳಿಗೆ ದುಡಿಯಲು ಹೋದವರು ಕಳುಹಿಸುವ ಹಣವಾಗಲಿ. ನಾಲ್ಕು ತಾಲ್ಲೂಕುಗಳ ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಒಂದೆಡೆ ಸೇರಿ ಇಂಥ ಒಂದು ವಿಷಯವನ್ನು ಕನ್ನಡದಲ್ಲಿ ಚರ್ಚಿಸುವಂತೆ ಏರ್ಪಾಡಾಗಬೇಕು.

ಸಹಪಾಠಿಗಳಲ್ಲಿ ಒಂದೇ ವಿನಂತಿ. ‘ಪರೀಕ್ಷೆಗೆ ಬರುತ್ತದೆಯೆ?’ ಎಂಬ ಪ್ರಶ್ನೆಯೊಡನೆ ‘ನಮ್ಮೂರಿಗೆ ಬಂದಿದೆಯೆ?’ ಎಂಬ ಪ್ರಶ್ನೆಯನ್ನೂ ಕೇಳಿ. ಬಂದಿದ್ದರೆ, ಯಾರು ಕಳುಹಿಸಿದರು, ಯಾವ ಷರತ್ತಿನ ಮೇಲೆ, ಅದರ ಬೆಲೆಯನ್ನು ತೆರ�ುವವರು ಯಾರು ಎಂದು ವಿಚಾರಿಸಿ. ಅಂತರರಾಷ್ಟ್ರೀಯ ರಾಜಕೀಯವು ನಮ್ಮನ್ನು ಕೇಳಿ ನಮ್ಮ ಹೊಲಕ್ಕೆ ಬಂದುದಲ್ಲ. ಶಿರಾದ ಕೋಟೆಗೂ ಕೇಳಿ ಬಂದಿರಲಿಲ್ಲ. ಬಂದವರು ಯಾರೆಂದು ಗುರುತು ಹಿಡಿಯುವಷ್ಟಾದರೂ ನಾವು ಓದಿರಬೇಕು. ಪದವೀಧರರೆಂದು ನಮ್ಮನ್ನು ಊರಿನವರು ಕರೆಯಲಿರುವುದು ಇನ್ನು ಕೆಲವೇ ತಿಂಗಳುಗಳಲ್ಲಿ. ಆಗ ಎಣ್ಣೆಯ ಬೆಲೆ ಏಕೆ ಏರಿತೆಂದು ಅವರು ಕೇಳಿದರೆ, ಹತ್ತು ಅಂಕದ ಉತ್ತರವನ್ನಲ್ಲ, ನಿಜವಾದ ಉತ್ತರವನ್ನು ಕೊಡಬಲ್ಲವರಾಗೋಣ.